ಮಳೆಗಾಲಕ್ಕೆ ನನ್ನ ಉಳಿಗಳನ್ನು ಕಟ್ಟಿಡುವುದು ಹೀಗೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಊರು. ಮರಗೆಲಸ ನಮ್ಮ ಮನೆತನದ ಕಸುಬು. ತೋಟದ ಅಂಚಿಗೆ ಹಂಚು ಹೊದಿಸಿದ ಒಂದು ಶೆಡ್ ಇದೆ, ಅಲ್ಲೇ ನನ್ನ ಕೆಲಸ. ಮಳೆ ಹಿಡಿದ ಮೇಲೆ ಊರಲ್ಲಿ ಕೆಲಸ ಕಡಿಮೆ. ಹಾಗಾಗಿ ನಾಲ್ಕು ತಿಂಗಳು ಬೆಂಗಳೂರಿಗೆ ಹೋಗಿ ಇಂಟೀರಿಯರ್ ಕೆಲಸ ಮಾಡುತ್ತೇನೆ. ಅಲ್ಲಿ ಮೆಷಿನ್ನುಗಳೆಲ್ಲ ಅವರದ್ದೇ. ನನ್ನ ಸಾಮಾನು ಊರಲ್ಲೇ ಉಳಿಯುತ್ತದೆ.

ಮೊದಲ ವರ್ಷ ಹೊರಟಿದ್ದು ಜೂನ್ ಎರಡನೇ ವಾರ. ಮೃಗಶಿರಾ ಮಳೆ ಆಗಲೇ ಶುರುವಾಗಿತ್ತು. ಅಪ್ಪಯ್ಯನ ಕಾಲದ ಉಳಿಗಳು, ಮರದ ಮೈ ನಯ ಮಾಡುವ ಉಜ್ಜುಗೊರಡು, ಗರಗಸ, ತೂತು ಕೊರೆಯುವ ಬೈರಿಗೆ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿದೆ. ಕೊಬ್ಬರಿ ಎಣ್ಣೆ ಸವರಿದೆ. ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿದು, ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಇಷ್ಟು ಜೋಪಾನ ಮಾಡಿದ ಮೇಲೆ ಇನ್ನೇನು ಆಗುತ್ತೆ ಅಂದುಕೊಂಡಿದ್ದೆ.

ಆಯುಧ ಪೂಜೆಗೆ ಬಂದು ಟ್ರಂಕು ತೆಗೆದೆ. ಕವರುಗಳ ಒಳಮೈಯಲ್ಲಿ ನೀರಿನ ಹನಿ ಕೂತಿತ್ತು. ಎಣ್ಣೆ ಕಮಟು ವಾಸನೆ ಹಿಡಿದು ಅಂಟಾಗಿತ್ತು. ಅಪ್ಪಯ್ಯನ ಒಂದಿಂಚಿನ ಉಳಿಯನ್ನು ಬೆಳಕಿಗೆ ಹಿಡಿದೆ. ಅದರ ಬೆನ್ನಿನ ಮೇಲೆ, ಅಂದರೆ ಚಪ್ಪಟೆ ಮುಖದ ಮೇಲೆ, ನನ್ನ ಹೆಬ್ಬೆಟ್ಟು ಕಾಣುತ್ತಿತ್ತು. ಸುತ್ತಸುತ್ತಾಗಿ ಒಂದೊಂದು ಗೆರೆಯೂ ತುಕ್ಕಿನಲ್ಲಿ ಅಚ್ಚಾಗಿತ್ತು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ಕವರಿಗೆ ಹಾಕುವಾಗ ಹಿಡಿದಿದ್ದೆನಲ್ಲ, ಅದರ ಗುರುತು. ಬೆವರಿನಲ್ಲಿ ಉಪ್ಪಿರುತ್ತದೆ, ಉಪ್ಪು ತೇವ ಎಳೆದುಕೊಳ್ಳುತ್ತದೆ, ಕಬ್ಬಿಣ ಅಲ್ಲಿಂದಲೇ ತಿನ್ನಿಸಿಕೊಳ್ಳುತ್ತದೆ. ನನಗೆ ಅಳು ಬಂದಿತ್ತು.

ಅದೇ ಸಂಜೆ ಅಮ್ಮ ಅಡುಗೆಮನೆಯ ಹೊಗೆ ಅಟ್ಟದಿಂದ ಕತ್ತಿ ತೆಗೆದು ಕೊಟ್ಟಳು, ಪೂಜೆಗೆ ಇಡು ಅಂತ. ಕಪ್ಪಗಿತ್ತು, ಆದರೆ ಚೂರೂ ತುಕ್ಕಿಲ್ಲ. ಏನು ಹಚ್ಚಿದ್ದೆ ಅಂತ ಕೇಳಿದೆ. "ಎಂಥದ್ದೂ ಹಚ್ಚಿಲ್ಲ ಮಾರಾಯ, ಅಲ್ಲೇ ಸಿಕ್ಕಿಸಿಟ್ಟಿದ್ದೆ ಅಷ್ಟೇ" ಅಂದಳು.

ಆಮೇಲೆ ಕೂತು ಯೋಚನೆ ಮಾಡಿದೆ. ಅಟ್ಟದ ಕೆಳಗೆ ದಿನವೂ ಒಲೆ ಉರಿಯುತ್ತದೆ. ಅಲ್ಲಿನ ಗಾಳಿ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿ ತನ್ನಲ್ಲಿರುವ ತೇವವನ್ನು ಕಬ್ಬಿಣದ ಮೇಲೆ ಬಿಡುವುದಿಲ್ಲ. ಮೇಲಿಂದ ಹೊಗೆಯ ಜಿಡ್ಡು ಬೇರೆ ತೆಳ್ಳಗೆ ಕೂತಿರುತ್ತದೆ. ನಾನು ಮಾಡಿದ್ದು ಇದಕ್ಕೆ ಪೂರಾ ಉಲ್ಟಾ. ಮಳೆ ಸುರಿಯುವ ದಿನ, ಒದ್ದೆ ಗಾಳಿಯನ್ನೇ ಕವರಿನೊಳಗೆ ಹಾಕಿ ಬಾಯಿ ಕಟ್ಟಿದ್ದೆ. ಟ್ರಂಕನ್ನು ಸಿಮೆಂಟು ನೆಲದ ಮೇಲಿಟ್ಟಿದ್ದೆ. ರಾತ್ರಿ ತಣ್ಣಗಾದಾಗ ಆ ಗಾಳಿಯ ನೀರೆಲ್ಲ ಇಬ್ಬನಿಯಾಗಿ ಉಕ್ಕಿನ ಮೇಲೆ ಇಳಿದಿದೆ. ನಾಲ್ಕು ತಿಂಗಳು ದಿನವೂ ಇದೇ ನಡೆದಿದೆ. ತುಕ್ಕು ಹೊರಗಿನಿಂದ ಬಂದಿರಲಿಲ್ಲ. ನಾನೇ ಸಾಮಾನಿನ ಜೊತೆ ಕಟ್ಟಿಟ್ಟಿದ್ದೆ.

ಈಗ ನಮ್ಮ ಮನೆಯಲ್ಲೂ ಗ್ಯಾಸ್ ಬಂದಿದೆ, ಹೊಗೆ ಅಟ್ಟ ಇಲ್ಲ. ಟ್ರಂಕೇ ಗತಿ. ಆದರೆ ಕಟ್ಟುವ ಕ್ರಮ ಬದಲಾಗಿದೆ. ಮುಖ್ಯವಾಗಿ ದಿನ ಬದಲಾಗಿದೆ. ಮೇ ಮೂರನೇ ವಾರ, ರೋಹಿಣಿ ಮಳೆಗೆ ಮೊದಲು, ಎರಡು ದಿನ ಚೆನ್ನಾಗಿ ಬಿಸಿಲು ಬಿದ್ದಿರುವಾಗ ಈ ಕೆಲಸಕ್ಕೆ ಕೂರುತ್ತೇನೆ. ಬೇಸಿಗೆ ಮಳೆ ಬಂದರೆ ಮುಂದಕ್ಕೆ ಹಾಕುತ್ತೇನೆ. ಟ್ರಂಕನ್ನೂ ಬಾಯಿ ತೆರೆದು ಅಂಗಳದ ಬಿಸಿಲಿಗೆ ಇಡುತ್ತೇನೆ.

ಮೊದಲು ಹೊಟ್ಟು ತೆಗೆಯಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ. ಉಜ್ಜುಗೊರಡಿನ ಬಾಯಲ್ಲಿ, ಗರಗಸದ ಹಲ್ಲಿನ ಸಂದಿಯಲ್ಲಿ ಮರದ ಪುಡಿ ಕೂತಿರುತ್ತದೆ. ಅದು ಸ್ಪಂಜಿನ ಹಾಗೆ ನೀರು ಹೀರಿಕೊಂಡು ಉಕ್ಕಿಗೆ ಅಂಟಿಕೊಂಡೇ ಇರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಪೂರಾ ತೆಗೆಯಿರಿ. ಮರದಿಂದ ಒಸರಿದ ಅಂಟು ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ಒರೆಸಿದರೆ ಬಿಡುತ್ತದೆ. ಆಮೇಲೆ ಬರಿಗೈಯಲ್ಲಿ ಉಕ್ಕು ಮುಟ್ಟುವುದಿಲ್ಲ. ಹತ್ತಿಯ ಕೈಗವಸು ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಹಳೇ ಪಂಚೆ ತುಂಡು.

ಎಣ್ಣೆ ವಿಷಯಕ್ಕೆ ಬರೋಣ. ಕೊಬ್ಬರಿ ಎಣ್ಣೆ ದಿನವೂ ಬಳಸುವ ಉಳಿಗೆ ಸಾಕು, ಅಪ್ಪಯ್ಯ ಜೀವಮಾನವಿಡೀ ಅದನ್ನೇ ಹಚ್ಚಿದರು. ಆದರೆ ತಿಂಗಳುಗಟ್ಟಲೆ ಕಟ್ಟಿಡುವುದಕ್ಕೆ ತಿನ್ನುವ ಎಣ್ಣೆ ಯಾವುದೂ ಬೇಡ. ಕೆಡುತ್ತದೆ, ಹುಳಿಯಾಗುತ್ತದೆ, ಅಂಟಾಗುತ್ತದೆ. ಸ್ಪ್ರೇ ಡಬ್ಬಿಗಳಲ್ಲಿ ಬರುವ ತೆಳು ಎಣ್ಣೆ ನೀರನ್ನು ಓಡಿಸುವುದಕ್ಕೆ ಒಳ್ಳೆಯದು, ಆದರೆ ಅದರ ಹೆಚ್ಚಿನ ಪಾಲು ಆವಿಯಾಗಿ ಹೋಗುತ್ತದೆ. ನಮ್ಮ ಮಳೆಗೆ ಉಳಿದ ಪದರ ಸಾಲುವುದಿಲ್ಲ.

ನಾನು ಮಾಡಿಕೊಳ್ಳುವುದು ಜೇನುಮೇಣದ ಮುಲಾಮು. ಒಂದು ಭಾಗ ಮೇಣ, ನಾಲ್ಕು ಭಾಗ ಹೊಲಿಗೆ ಮೆಷಿನ್ ಎಣ್ಣೆ. ಹಳೇ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಬೇಕು. ನೇರ ಉರಿಗೆ ಇಡಬಾರದು, ಬೆಂಕಿ ಹತ್ತುತ್ತದೆ. ತಣಿದ ಮೇಲೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಮೇಣ ಇರುವುದರಿಂದ ಹಚ್ಚಿದಲ್ಲೇ ನಿಲ್ಲುತ್ತದೆ, ಕೆಳಗೆ ಇಳಿದು ಹೋಗುವುದಿಲ್ಲ. ಬಟ್ಟೆಯಲ್ಲಿ ತೆಳ್ಳಗೆ, ಆದರೆ ಒಂದು ಚೂರೂ ಬಿಡದ ಹಾಗೆ ಹಚ್ಚುತ್ತೇನೆ. ಉಳಿಯ ಬೆನ್ನಿಗೆ ಎರಡು ಸಲ. ಏಕೆಂದರೆ ತುಕ್ಕು ಬೆನ್ನಿನಲ್ಲಿ ಸಣ್ಣ ಗುಳಿ ಮಾಡಿತೆಂದರೆ, ಮಸೆಯುತ್ತಾ ಮಸೆಯುತ್ತಾ ಆ ಗುಳಿ ಬಾಯಿಗೇ ಬರುತ್ತದೆ. ಆಗ ಎಷ್ಟು ಸಾಣೆ ಹಿಡಿದರೂ ಅಲಗಿನಲ್ಲಿ ಕಚ್ಚು ಉಳಿಯುತ್ತದೆ. ಅಪ್ಪಯ್ಯನ ಆ ಉಳಿಯನ್ನು ಸರಿ ಮಾಡಲು ಕಾಲಿಂಚು ಸವೆಸಬೇಕಾಯಿತು. ಮೂವತ್ತು ವರ್ಷ ಬಳಸಿದ ಉಕ್ಕು ಅದು.

ಹಚ್ಚಿದ ಮೇಲೆ ಹತ್ತಿ ಬಟ್ಟೆ ಅಥವಾ ಮೇಣದ ಕಾಗದದಲ್ಲಿ ಸುತ್ತುತ್ತೇನೆ. ಪ್ಲಾಸ್ಟಿಕ್ ಬೇಡವೇ ಬೇಡ. ಚರ್ಮದ ಉರೆಯೂ ಬೇಡ, ಕೈಯಲ್ಲಿ ಹಿಡಿದರೆ ಚಂದ, ಆದರೆ ತೇವ ಹಿಡಿದುಕೊಳ್ಳುತ್ತದೆ, ಚರ್ಮ ಹದ ಮಾಡುವಾಗ ಹಾಕಿದ ಉಪ್ಪು, ಹುಳಿ ಅದರಲ್ಲೇ ಇರುತ್ತದೆ. ಉಜ್ಜುಗೊರಡಿನ ಬೆಣೆ ಸಡಿಲ ಮಾಡಿ ಅಲಗು ಬೇರೆ ಇಡುತ್ತೇನೆ. ಮಳೆಗೆ ಮರ ಉಬ್ಬುತ್ತದೆ, ಬೆಣೆ ಬಿಗಿಯಾಗಿದ್ದರೆ ಗೊರಡಿನ ಮರವೇ ಸೀಳು ಬಿಡಬಹುದು. ಮರದ ಚೌಕಟ್ಟಿನ ಗರಗಸದ ಹಗ್ಗವನ್ನೂ ಸಡಿಲಿಸುತ್ತೇನೆ.

ಹಿಡಿಗಳಿಗೆ ಅಗಸೆ ಎಣ್ಣೆ. ಇಲ್ಲಿ ಒಂದು ಮಾತು ದಯವಿಟ್ಟು ನೆನಪಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

ಟ್ರಂಕಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಇಡುತ್ತೇನೆ, ಅರ್ಧ ಕೆಜಿ, ಬಟ್ಟೆ ಚೀಲದಲ್ಲಿ. ಮುಚ್ಚಳ ಸಡಿಲವಿದ್ದರೆ ಅದು ಸುಮ್ನೆ ದಂಡ, ಊರಿನ ಗಾಳಿಯ ತೇವವನ್ನೆಲ್ಲ ಅದು ಎಲ್ಲಿ ಹೀರಬೇಕು? ಅದಕ್ಕೇ ಮುಚ್ಚಳದ ಅಂಚಿಗೆ ಬಾಗಿಲಿಗೆ ಅಂಟಿಸುವ ರಬ್ಬರ್ ಪಟ್ಟಿ ಅಂಟಿಸಿದ್ದೇನೆ. ನೀಲಿ ಹರಳು ತೇವ ಕುಡಿದು ಗುಲಾಬಿ ಆಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ನೀಲಿ ಬಣ್ಣಕ್ಕೆ ಕೋಬಾಲ್ಟ್ ಸೇರಿಸಿರುತ್ತಾರೆ, ವಿಷ ಅದು. ಅಡುಗೆಯ ಬಾಣಲೆಯಲ್ಲಿ ಹುರಿಯಲೇಬೇಡಿ, ಬೇರೆ ತಗಡು ಇಟ್ಟುಕೊಳ್ಳಿ. ಟ್ರಂಕಿನ ಕೆಳಗೆ ಎರಡು ರೀಪು ಕೊಟ್ಟು ನೆಲದಿಂದ ಎತ್ತರಿಸಿದ್ದೇನೆ, ಗೋಡೆಯಿಂದ ಗೇಣು ದೂರ. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಡ್ರಿಲ್ಲು, ಗ್ರೈಂಡರು ಶೆಡ್ಡಿನಲ್ಲಿ ಬಿಡುವುದಿಲ್ಲ, ಇಲಿ ವೈರು ಕಡಿಯುತ್ತದೆ. ಧೂಳು ಊದಿ ಮನೆಯ ಬೀರುವಿನಲ್ಲಿ ಇಡುತ್ತೇನೆ. ಬ್ಯಾಟರಿ ಕಳಚಿ, ಅರ್ಧ ಚಾರ್ಜಿನಲ್ಲಿ ಬಿಡುತ್ತೇನೆ. ವಾಪಸ್ ಬಂದ ಕೂಡಲೇ ಪ್ಲಗ್ಗಿಗೆ ಹಾಕದೆ ಒಂದು ದಿನ ಬಿಸಿಲು ಕಾಣಿಸಿ, ಆಮೇಲೆ ಸ್ವಲ್ಪ ಹೊತ್ತು ಖಾಲಿ ಓಡಿಸುತ್ತೇನೆ.

ನಡುವೆ ಚೌತಿಗೆ ಊರಿಗೆ ಬಂದರೂ ಟ್ರಂಕು ತೆರೆಯುವುದಿಲ್ಲ. ಮನಸ್ಸು ಎಳೆಯುತ್ತದೆ ನಿಜ. ಆದರೆ ತೆರೆದರೆ ಮಳೆಗಾಲದ ಗಾಳಿ ಒಳಗೆ ಹೋಗುತ್ತದೆ ಅಲ್ವಾ?

ತೆರೆಯುವುದು ಆಯುಧ ಪೂಜೆಗೇ. ಮೇಣ ಒರೆಸಿದರೆ ಉಕ್ಕು ಬಿಟ್ಟು ಹೋದ ದಿನದ ಹಾಗೇ ಹೊಳೆಯುತ್ತದೆ. ಆದರೆ ಪೂಜೆಯ ದಿನ ಹಚ್ಚುವ ಅರಿಶಿನ, ಕುಂಕುಮ, ಗಂಧ ಎಲ್ಲವೂ ಒದ್ದೆ. ನಿಂಬೆಹಣ್ಣಂತೂ ಹುಳಿ. ಅಪ್ಪಯ್ಯ ಅವತ್ತು ಸಾಮಾನು ಮುಟ್ಟಲು ಬಿಡುತ್ತಿರಲಿಲ್ಲ, ನಾನೂ ಮುಟ್ಟುವುದಿಲ್ಲ. ಮರುದಿನ ಬೆಳಿಗ್ಗೆ ಕಾಫಿಗೂ ಮೊದಲು ಶೆಡ್ಡಿಗೆ ಹೋಗಿ ಒಂದೊಂದನ್ನೇ ಒರೆಸುತ್ತೇನೆ. ಮೊದಲು ಎತ್ತಿಕೊಳ್ಳುವುದು ಆ ಒಂದಿಂಚಿನ ಉಳಿ.