ಬ್ರಿಟನ್ನಿನಲ್ಲಿ ಕಾರು, ಕೈಯಲ್ಲಿ ಫೋನ್: ಬಳ್ಳಾರಿಯಿಂದ ಹೊರಟವರಿಗೆ ನಾಲ್ಕು ಮಾತು

ಈ ಸಲ ರಜೆಗೆ ಬಳ್ಳಾರಿಗೆ ಬಂದಾಗ ಪಕ್ಕದ ಮನೆಯ ಹುಡುಗನ ಬೈಕಿನಲ್ಲಿ ಕೌಲ್ ಬಜಾರ್ ಕಡೆ ಒಗ್ಗರಣೆ-ಮಿರ್ಚಿ ತಿನ್ನೋಕೆ ಹೋಗಿದ್ದೆ. ಅವನಿಗೆ ಬ್ರಿಟನ್ನಿನಲ್ಲಿ ಕೆಲಸ ಸಿಕ್ಕಿದೆ. ದಾರಿಯಲ್ಲಿ ಫೋನ್ ಬಂತು. ಹೆಲ್ಮೆಟ್ ಸಂದಿಗೆ ಫೋನ್ ತುರುಕಿಕೊಂಡು ಮಾತಾಡ್ತಾನೇ ಲಾರಿ ಪಕ್ಕದಲ್ಲಿ ನುಸುಳಿದ. "ಅಲ್ಲಿಗೆ ಹೋದ ಮೇಲೂ ಹಿಂಗೇನಾ?" ಅಂದೆ. "ಫೈನ್ ಕಟ್ಟಿದರಾಯ್ತು ಬಿಡಣ್ಣ" ಅಂದ. ಮಿರ್ಚಿ ಆರುವಷ್ಟು ಹೊತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫೈನ್ 200 ಪೌಂಡ್. ಅದು ದೊಡ್ಡ ಮಾತಲ್ಲ. ಜೊತೆಗೆ ಲೈಸೆನ್ಸ್ ಮೇಲೆ 6 ಪಾಯಿಂಟ್, ಅಂದರೆ ತಪ್ಪಿನ ಅಂಕ, ಬೀಳುತ್ತದೆ, ನೋವು ಇರೋದು ಅಲ್ಲಿ. ಹಳಬರಿಗೆ 3 ವರ್ಷದೊಳಗೆ 12 ಪಾಯಿಂಟ್ ಆದರೆ ಗಾಡಿ ಓಡಿಸದಂತೆ ಕೋರ್ಟ್ ನಿಷೇಧ ಹಾಕಬಹುದು. ಆದರೆ ಟೆಸ್ಟ್ ಪಾಸಾಗಿ 2 ವರ್ಷ ಆಗದವರಿಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ನಮ್ಮ ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಎಲ್ಲರೂ ಅವರ ಟೆಸ್ಟ್ ಕೊಡಲೇಬೇಕು. ಅಂದರೆ ನೀವು ಬಳ್ಳಾರಿ-ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಹದಿನೈದು ವರ್ಷ ಓಡಿಸಿದ್ದರೂ ಅಲ್ಲಿ ಹೊಸ ಡ್ರೈವರೇ. ಒಂದೇ ಒಂದು ಸಲ ಫೋನ್ ಹಿಡಿದು ಸಿಕ್ಕರೆ ಮತ್ತೆ ಎಲ್ ಬೋರ್ಡ್, ಮತ್ತೆ ಥಿಯರಿ, ಮತ್ತೆ ರಸ್ತೆ ಪರೀಕ್ಷೆ.

ನನಗೆ ಆಗಿದ್ದು ಇದೇ. ಟೆಸ್ಟ್ ಪಾಸಾಗಿ ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಎಂಟು ಗಂಟೆ, ಕೆಂಪು ಸಿಗ್ನಲ್, ಗಾಡಿ ನಿಂತಿದೆ, ಇಂಜಿನ್ ತಾನಾಗೇ ಆಫ್ ಆಗಿದೆ. ಅವ್ವನ ಫೋನ್ ಬಂತು. ಎತ್ತಲಿಲ್ಲ, ಕಟ್ ಮಾಡೋಣ ಅಂತ ಕೈಗೆ ತಗೊಂಡೆ ಅಷ್ಟೇ. ಪಕ್ಕದ ಲೇನಿನಲ್ಲಿ ಪೊಲೀಸ್ ಗಾಡಿ. "ಮಾತಾಡಲೇ ಇಲ್ಲ ಸಾರ್" ಅಂದೆ. ಅವರು ಬೈಯಲಿಲ್ಲ, ದನಿ ಎತ್ತಲಿಲ್ಲ. ಮರ್ಯಾದೆಯಿಂದ ಬರೆದುಕೊಂಡು ಹೋದರು. ಆಮೇಲೆ ಎಂಟು ತಿಂಗಳು ಬಸ್ಸು.

ಕಾನೂನು ಹಾಗೇ ಇದೆ. ಮೊದಲು ಫೋನಿನಲ್ಲಿ ಮಾತಾಡೋದು, ಮೆಸೇಜ್ ಮಾಡೋದು ಮಾತ್ರ ಹಿಡಿತಕ್ಕೆ ಸಿಗುತ್ತಿತ್ತು. "ಫೋಟೋ ತೆಗೀತಿದ್ದೆ" ಅಂತ ಹೇಳಿ ಜನ ತಪ್ಪಿಸಿಕೊಳ್ಳುತ್ತಿದ್ದರು. 2022ರ ಮಾರ್ಚ್ 25ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಆ ಕಿಂಡಿ ಮುಚ್ಚಿದರು. ಈಗ ಫೋನ್ ಕೈಯಲ್ಲಿ ಹಿಡಿದು ಟೈಮ್ ನೋಡಿದರೂ, ಸ್ಕ್ರೀನ್ ಬೆಳಗಿಸಿದರೂ, ಬಂದ ಕಾಲ್ ಕಟ್ ಮಾಡಿದರೂ ತಪ್ಪು. ಸಿಗ್ನಲ್ಲಿನಲ್ಲಿ, ಟ್ರಾಫಿಕ್ ಜಾಮಿನಲ್ಲಿ ನಿಂತಿದ್ದರೂ ಡ್ರೈವಿಂಗ್ ಅಂತಲೇ ಲೆಕ್ಕ. ಎಲ್ಲಾದರೂ ಸರಿಯಾಗಿ ಪಾರ್ಕ್ ಮಾಡಿದ ಮೇಲೆ ಮುಟ್ಟಬಹುದು.

ವಿನಾಯಿತಿ ಕಡಿಮೆ. ಗಾಡಿ ನಿಲ್ಲಿಸೋಕೇ ಆಗದಂಥ ಅಪಾಯದಲ್ಲಿ 999 ಅಥವಾ 112ಕ್ಕೆ ಕರೆ ಮಾಡಬಹುದು. ಗಾಡಿಯಿಂದ ಇಳಿಯದೇ ತಿಂಡಿ ಕೊಳ್ಳುವ ಡ್ರೈವ್-ಥ್ರೂ ಕಿಟಕಿಯ ಮುಂದೆ ಗಾಡಿ ನಿಂತಿದ್ದಾಗ ಫೋನಿನಿಂದ ದುಡ್ಡು ಕೊಡಬಹುದು.

ಹಾಗಾದರೆ ಮ್ಯಾಪ್? ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರಸ್ತೆ ಕಾಣೋಕೆ ಅಡ್ಡ ಬರದಂತೆ ಇಡಿ. ಹೊರಡೋ ಮುಂಚೆಯೇ ಊರಿನ ಹೆಸರು ಹಾಕಿಬಿಡಿ. ಬ್ಲೂಟೂತ್‌ನಲ್ಲಿ ಮಾತಾಡಬಹುದು. ಆದರೆ ಮಾತಿನಲ್ಲಿ ಮುಳುಗಿ ಗಾಡಿ ಅಡ್ಡಾದಿಡ್ಡಿ ಹೋದರೆ, ಕೈಯಲ್ಲಿ ಏನೂ ಇಲ್ಲದಿದ್ದರೂ ಕೇಸ್ ಹಾಕುತ್ತಾರೆ. ಊರಿನ ಆಸ್ತಿ ಭಾಗದ ವಿಷಯ ಬಂದರೆ ನಾನು "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡ್ತೀನಿ. ಬ್ಲೂಟೂತ್ ಇದ್ದರೇನು, ಆ ಮಾತು ಕೇಳ್ತಾ ರಸ್ತೆ ಕಾಣುತ್ತಾ?

ಮೋಟಾರ್‌ವೇ ಅಂಚಿನ ಹಾರ್ಡ್ ಶೋಲ್ಡರ್‌ನಲ್ಲಿ ಫೋನಿಗೋಸ್ಕರ ನಿಲ್ಲಬೇಡಿ. ಅದು ಗಾಡಿ ಕೆಟ್ಟಾಗ, ತುರ್ತು ಇದ್ದಾಗ ಮಾತ್ರ. ಮುಂದಿನ ಸರ್ವೀಸ್ ಸ್ಟೇಷನ್‌ವರೆಗೂ, ಅಂದರೆ ಗಾಡಿ ನಿಲ್ಲಿಸಿ ದಣಿವಾರಿಸಿಕೊಳ್ಳುವ ಜಾಗದವರೆಗೂ, ತಡೆದುಕೊಳ್ಳಿ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇರೋದಿಲ್ಲ. ಹೆಂಡತಿ ಎಲ್ ಬೋರ್ಡ್ ಹಾಕಿಕೊಂಡು ಕಲಿಯುತ್ತಿರುತ್ತಾರೆ, ಗಂಡ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿರುತ್ತಾನೆ. ಆಗ ಗಂಡನೂ ಫೋನ್ ಹಿಡಿಯುವಂತಿಲ್ಲ. ಕಲಿಸುವವನಿಗೂ ಅದೇ ಶಿಕ್ಷೆ. ಅಂದಹಾಗೆ ಹಾಗೆ ಕೂರೋಕೆ ವಯಸ್ಸು 21 ದಾಟಿರಬೇಕು, 3 ವರ್ಷ ಹಳೆಯ ಪೂರ್ತಿ ಲೈಸೆನ್ಸ್ ಇರಬೇಕು. ನಮ್ಮ ಭಾರತದ ಲೈಸೆನ್ಸಿನ ವರ್ಷಗಳು ಇದಕ್ಕೆ ಸೇರೋದಿಲ್ಲ.

ನಮ್ಮಂಥವರಿಗೆ ಜಾಸ್ತಿ ಕಾಟ ಕೊಡೋದು ಊರಿನ ಫೋನ್. ಅವ್ವ ಮಧ್ಯಾಹ್ನ ಒಂದೂವರೆಗೆ ಊಟ ಮುಗಿಸಿ, ಕೈ ತೊಳೆದು, ಫೋನ್ ಹಿಡೀತಾಳೆ. ಬೇಸಿಗೆಯಲ್ಲಿ ಆಗ ಅಲ್ಲಿ ಒಂಬತ್ತು, ನಾನು ಆಫೀಸಿನಲ್ಲಿರ್ತೀನಿ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಸೋಮವಾರದಿಂದ ಅದೇ ಒಂದೂವರೆ ಅಂದರೆ ಅಲ್ಲಿ ಎಂಟು, ನಾನು ಸ್ಟೀರಿಂಗ್ ಮುಂದೆ. ಈಗ ಆ ಭಾನುವಾರ ನಾನೇ ಫೋನ್ ಮಾಡಿ ಹೇಳ್ತೀನಿ, "ಅವ್ವಾ, ನಾಳೆಯಿಂದ ಊಟ ಆದ ಮೇಲೆ ಒಂದು ನಿದ್ದೆ ಮಾಡಿ ಎದ್ದು ಮಾಡು" ಅಂತ.