ಟೇಪ್ ಕಣಗಳ ಪರಸ್ಪರ ಪ್ರಭಾವವನ್ನು ನಾನು ಅಳೆದ ಬಗೆ

ಕ್ಯಾಸೆಟ್ ಟೇಪಿನ ಕಂದು ಲೇಪನದಲ್ಲಿ ಇರುವುದು ಗಾಮಾ ಐರನ್ ಆಕ್ಸೈಡ್‌ನ ಸೂಜಿಯಂಥ ಕಣಗಳು. ಉದ್ದ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಒತ್ತೊತ್ತಾಗಿ ಕೂತಿರುವುದರಿಂದ ಒಂದು ಕಣದ ಫೀಲ್ಡ್ (ಕಾಂತಕ್ಷೇತ್ರ) ಪಕ್ಕದ ಕಣಕ್ಕೆ ತಾಗಿಯೇ ತಾಗುತ್ತದೆ. ಅದು ಎಷ್ಟು, ಯಾವ ಕಡೆಗೆ ಅಂತ ತಿಳಿಯಲು ನಾನು ಬಳಸಿದ್ದು ಡೆಲ್ಟಾ ಎಂ ವಿಧಾನ.

ಇದಕ್ಕೆ ಎರಡು ಗ್ರಾಫ್ ಬೇಕು. ಮೊದಲನೆಯದು ಕಾಂತತೆ ಕಳೆದ ಟೇಪಿನ ತುಂಡಿನಿಂದ ಶುರುವಾಗುತ್ತದೆ. ಸ್ವಲ್ಪ ಫೀಲ್ಡ್ ಕೊಟ್ಟು, ಸೊನ್ನೆಗೆ ಇಳಿಸಿ, ಉಳಿದ ಕಾಂತತೆ ಅಳೆಯುವುದು. ಹೀಗೇ ಫೀಲ್ಡ್ ಏರಿಸುತ್ತಾ ಹೋಗುವುದು. ಎರಡನೆಯದಕ್ಕೆ ತುಂಡನ್ನು ಪೂರ್ತಿ ಕಾಂತಗೊಳಿಸಿ, ಎದುರು ದಿಕ್ಕಿನಲ್ಲಿ ಅದೇ ಫೀಲ್ಡ್‌ಗಳನ್ನು ಕೊಟ್ಟು, ಪ್ರತಿ ಸಲ ಉಳಿದದ್ದನ್ನು ಅಳೆಯುವುದು. ಎರಡನ್ನೂ ಗರಿಷ್ಠ ಉಳಿಕೆಯಿಂದ ಭಾಗಿಸುತ್ತೇನೆ. ಕಣಗಳ ನಡುವೆ ಪ್ರಭಾವವೇ ಇಲ್ಲದಿದ್ದರೆ, 1ರಿಂದ ಮೊದಲನೆಯದರ ಎರಡರಷ್ಟನ್ನು ಕಳೆದರೆ ಎರಡನೆಯದು ಸಿಗಬೇಕು. ಇದನ್ನು 1958ರಲ್ಲಿ ತೋರಿಸಿದವರು ಭೌತವಿಜ್ಞಾನಿ ವೋಲ್‌ಫಾರ್ತ್. ಅಳತೆ ಈ ಲೆಕ್ಕದಿಂದ ಎಷ್ಟು ಸರಿಯುತ್ತದೋ ಅದೇ ಡೆಲ್ಟಾ ಎಂ.

ಲೆಕ್ಕ ಸುಲಭ. ಕಷ್ಟವಿರುವುದು ಶುರುವಿನ ಸ್ಥಿತಿಯಲ್ಲಿ. ಮೀಟರ್ ಸೊನ್ನೆ ತೋರಿಸಿದರೆ ಸಾಲದು, ಆ ಸೊನ್ನೆ ಹೇಗೆ ಬಂತು ಅನ್ನೋದೂ ಮುಖ್ಯ. ಎದುರು ಫೀಲ್ಡ್ ಕೊಟ್ಟು ಸೊನ್ನೆಗೆ ತಂದರೆ ಸುಲಭವಾಗಿ ತಿರುಗುವ ಕಣಗಳೆಲ್ಲ ಒಂದು ಕಡೆ, ಗಟ್ಟಿ ಕಣಗಳು ಇನ್ನೊಂದು ಕಡೆ ಇರುತ್ತವೆ. ಆಗ ಬರುವ ಗ್ರಾಫ್ ಬೇರೆಯೇ. ಅದಕ್ಕೇ ನಾನು ಟೇಪಿನ ಉದ್ದಕ್ಕೆ ಹಿಂದೆ ಮುಂದೆ ಬದಲಾಗುವ ಫೀಲ್ಡ್ ಕೊಟ್ಟು, ಅದನ್ನು ತುಂಬಾ ನಿಧಾನವಾಗಿ ತಗ್ಗಿಸುತ್ತೇನೆ. ಇಲ್ಲಿ ಅವಸರ ಬೇಡವೇ ಬೇಡ. ಇನ್ನೊಂದು ವಿಷಯ: ಕರೆಂಟ್ ಸೊನ್ನೆಯಾದರೂ ಕಬ್ಬಿಣದ ತಿರುಳಿನ ಮ್ಯಾಗ್ನೆಟ್‌ನಲ್ಲಿ ಸ್ವಲ್ಪ ಫೀಲ್ಡ್ ಉಳಿದಿರುತ್ತದೆ. ಫೀಲ್ಡ್ ಅಳೆಯುವ ಹಾಲ್ ಪ್ರೋಬ್ ನೋಡಿಕೊಂಡೇ ಸೊನ್ನೆ ಮಾಡಬೇಕು. ಲೇಪನದ ಕೆಳಗಿನ ಪ್ಲಾಸ್ಟಿಕ್ ಹಾಳೆಯ ಚಿಂತೆ ಇಲ್ಲ, ಫೀಲ್ಡ್ ತೆಗೆದ ಮೇಲೆ ಅದು ಏನನ್ನೂ ಸೇರಿಸುವುದಿಲ್ಲ.

ಐರನ್ ಆಕ್ಸೈಡ್ ಟೇಪಿನಲ್ಲಿ ನನಗೆ ಸಿಕ್ಕಿದ್ದು ಡೆಲ್ಟಾ ಎಂ ಗ್ರಾಫ್‌ನಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವ ಒಂದು ತಗ್ಗು. ಕಣಗಳು ಜಾಸ್ತಿ ತಿರುಗುವ ಫೀಲ್ಡ್‌ನ ಹತ್ತಿರವೇ ಅದು ಅತಿ ಆಳ. ಒಟ್ಟಾರೆ ಅಕ್ಕಪಕ್ಕದ ಕಣಗಳು ಕಾಂತತೆಯನ್ನು ಕುಗ್ಗಿಸುತ್ತಿವೆ ಎಂದರ್ಥ. ಇನ್ನೊಂದು ಬಗೆಯ ಕಾಂತ ವಸ್ತುವಾದ ಬೇರಿಯಂ ಫೆರೈಟ್‌ನ ಚಪ್ಪಟೆ ಕಣಗಳು ಒಂದರ ಮೇಲೊಂದು ಕೂತಾಗ ಹಾಗಲ್ಲ, ಒಂದನ್ನೊಂದು ಅದೇ ದಿಕ್ಕಿನಲ್ಲಿ ಹಿಡಿದಿಡುತ್ತವೆ.

ಲೇಪನದ ಅಂಟಿನಲ್ಲಿ ಕಣಗಳನ್ನು ಕಡಿಮೆ ಮಾಡಿದರೆ ಪ್ರಭಾವ ಹೋಗಬೇಕು ಅಲ್ವಾ? ಹೋಗುವುದಿಲ್ಲ. ಗುಂಪು ಕಟ್ಟಿದ ಕಣಗಳು ಗುಂಪಾಗಿಯೇ ಉಳಿಯುತ್ತವೆ. ಗುಂಪು ಹೆಚ್ಚಿದಷ್ಟೂ ಟೇಪಿನ ಬೇಡದ ಸದ್ದೂ (ನಾಯ್ಸ್) ಹೆಚ್ಚು. ಜೊತೆಗೆ ಡೆಲ್ಟಾ ಎಂ ತೋರಿಸುವುದು ಕೂಡಿ ಕಳೆದು ಉಳಿದದ್ದನ್ನು ಮಾತ್ರ. ಅದಕ್ಕೇ ಈಗ ಪ್ರಭಾವ ಎಷ್ಟು ಹರಡಿದೆ ಅಂತ ನೋಡಲು ಫೋರ್ಕ್ (ಫಸ್ಟ್ ಆರ್ಡರ್ ರಿವರ್ಸಲ್ ಕರ್ವ್) ಅಳತೆಯನ್ನೂ ಜೊತೆಗಿಟ್ಟುಕೊಂಡಿದ್ದೇನೆ.