ಕರಿಹಲಗೆಯ ಮೇಲೆ ನವೆಂಬರ್ 1

ಹೊಸಪೇಟೆಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕನಾಗಿದ್ದಷ್ಟು ಕಾಲವೂ, ಬೆಳಗಿನ ಪ್ರಾರ್ಥನೆಗೆ ಮೊದಲು ಹೊರಗೋಡೆಯ ಕರಿಹಲಗೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಮೊದಮೊದಲು ಕ್ಯಾಲೆಂಡರಿನ ಹಿಂಬದಿಯಿಂದಲೋ ಸಾಮಾನ್ಯ ಜ್ಞಾನದ ಕೈಪಿಡಿಯಿಂದಲೋ ಸಿಕ್ಕಿದ್ದನ್ನು ಹಾಗೆಯೇ ಇಳಿಸಿಬಿಡುತ್ತಿದ್ದೆ. ಹತ್ತು ನಿಮಿಷದ ಕೆಲಸ.

ಒಂದು ರಾಜ್ಯೋತ್ಸವದ ಬೆಳಿಗ್ಗೆ ಬಣ್ಣದ ಸೀಮೆಸುಣ್ಣದಲ್ಲಿ, ‘1956: ಕರ್ನಾಟಕ ರಾಜ್ಯ ಉದಯ. ನಮ್ಮ ಬಳ್ಳಾರಿ ಜಿಲ್ಲೆ ಕನ್ನಡ ನಾಡಿಗೆ ಸೇರಿದ ದಿನ’ ಎಂದು ಬರೆದಿದ್ದೆ. ಮೊಮ್ಮಗಳ ಕೋಲಾಟ ನೋಡಲು ಬಂದಿದ್ದ ಹಿರಿಯರೊಬ್ಬರು ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಸರ, ನಾವು ಐವತ್ತಮೂರರಾಗ ಮೈಸೂರಿಗೆ ಸೇರಿದೋರು. ಐವತ್ತಾರರಾಗ ಬಂದೋರು ಬ್ಯಾರೇದೋರು” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಆಂಧ್ರ ಬೇರೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ತಾಲ್ಲೂಕುಗಳು ಅಂದೇ ಮೈಸೂರು ರಾಜ್ಯಕ್ಕೆ ಸೇರಿದ್ದವು. ಅವರು ಹೇಳದೆ ಬಿಟ್ಟ ಇನ್ನೊಂದು ತಪ್ಪೂ ಅದೇ ಸಾಲಿನಲ್ಲಿತ್ತು: 1956ರಲ್ಲಿ ಉದಯವಾದ ರಾಜ್ಯದ ಹೆಸರು ಕರ್ನಾಟಕವಲ್ಲ, ಮೈಸೂರು. ಊರಿನವನೇ ಆಗಿ ಊರಿನ ತಾರೀಖನ್ನೇ ತಪ್ಪಿ ಬರೆದಿದ್ದೆ.

ಅಂದಿನಿಂದ ರಟ್ಟಿನ ಚೀಟಿಗಳನ್ನು ಕತ್ತರಿಸಿಟ್ಟುಕೊಂಡು, ಒಂದು ಘಟನೆಗೆ ಒಂದು ಚೀಟಿ ಎಂದು ಬರೆಯತೊಡಗಿದೆ. ಚೀಟಿಯ ತಲೆಯ ಮೇಲೆ ತಾರೀಖು, ಅದರ ಕೆಳಗೆ ಕ್ರಿಯಾಪದ. ಅಂದು ಆಗಿದ್ದು ನಿಖರವಾಗಿ ಏನು, ಅಂಕಿತ ಬಿತ್ತೇ, ಜಾರಿಗೆ ಬಂತೇ, ಘೋಷಣೆಯಾಯಿತೇ, ಹಸ್ತಾಂತರವಾಯಿತೇ ಎಂಬುದು ತೀರ್ಮಾನವಾಗುವವರೆಗೆ ಚೀಟಿ ಪೆಟ್ಟಿಗೆಗೆ ಹೋಗುತ್ತಿರಲಿಲ್ಲ. ‘ಉದಯ’, ‘ಹುಟ್ಟು’ ಮುಂತಾದ ಮಾತುಗಳನ್ನು ಆದಷ್ಟು ದೂರವಿಟ್ಟೆ. ಅವು ಕಿವಿಗೆ ಇಂಪು, ಆದರೆ ಯಾರು ಏನು ಮಾಡಿದರೆಂದು ಹೇಳುವುದಿಲ್ಲ.

ಈ ಕ್ರಮದಲ್ಲಿ ನವೆಂಬರ್ 1ರ ಸಾಲು ಹೀಗಾಯಿತು: ‘1956: ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂದು, ಮುಂಬಯಿ ರಾಜ್ಯದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದ್ ರಾಜ್ಯದ ಬೀದರ, ಗುಲ್ಬರ್ಗಾ, ರಾಯಚೂರು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲದ ಕನ್ನಡ ಪ್ರದೇಶಗಳು ಹಾಗೂ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದವು.’ ಇದೊಂದೇ ಅರ್ಧ ಹಲಗೆಯನ್ನು ತಿನ್ನುತ್ತಿತ್ತು. ಮೊಟಕು ಮಾಡಿ ಎಂದು ಮುಖ್ಯೋಪಾಧ್ಯಾಯರು ಪ್ರತಿ ವರ್ಷವೂ ಹೇಳುತ್ತಿದ್ದರು, ನಾನು ಅಕ್ಷರ ಸಣ್ಣದು ಮಾಡುತ್ತಿದ್ದೆನೇ ಹೊರತು ಜಿಲ್ಲೆಗಳನ್ನು ಬಿಡುತ್ತಿರಲಿಲ್ಲ. ಅದರ ಕೆಳಗೆ ‘1973: ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಜಾರಿಗೆ ಬಂತು’ ಎಂಬ ಸಾಲು.

ಕ್ರಿಯಾಪದ ಹೆಚ್ಚು ಕಾಡಿದ್ದು ಪುದುಚೇರಿಯ ಚೀಟಿಯಲ್ಲಿ. 1954ರ ನವೆಂಬರ್ 1ರಂದು ಅದು ಭಾರತಕ್ಕೆ ಸೇರಿತೆಂದು ಕೈಪಿಡಿಯಲ್ಲಿತ್ತು. ಆದರೆ ಅಂದು ಫ್ರೆಂಚರು ಹಸ್ತಾಂತರಿಸಿದ್ದು ಆಡಳಿತವನ್ನು ಮಾತ್ರ. ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರಲ್ಲಿ, ಕಾನೂನಿನ ಪ್ರಕಾರ ವರ್ಗಾವಣೆ ಪೂರ್ಣವಾದದ್ದು 1962ರ ಆಗಸ್ಟ್ 16ರಂದು. ಹಲಗೆಗೆ ‘ಆಡಳಿತ ಹಸ್ತಾಂತರ’ ಎಂದಷ್ಟೇ ಬರೆದೆ.

ಈ ತಾರೀಖಿನ ಚೀಟಿಗಳನ್ನು ಜೋಡಿಸುವಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಕೇರಳ ಮತ್ತು ಆಂಧ್ರಪ್ರದೇಶ 1956ರಲ್ಲಿ, ಹರಿಯಾಣ 1966ರಲ್ಲಿ, ಛತ್ತೀಸಗಢ 2000ದಲ್ಲಿ ರಚನೆಯಾದದ್ದೂ ನವೆಂಬರ್ 1ರಂದೇ. ಇದನ್ನು ಮಕ್ಕಳು ಪವಾಡವೆಂಬಂತೆ ಕೇಳುತ್ತಿದ್ದರು. ಇವೆಲ್ಲ ಸರ್ಕಾರ ಮೊದಲೇ ಗೊತ್ತುಮಾಡಿದ ದಿನಗಳು ಎಂದು ವಿವರಿಸಿ, ಅವುಗಳ ಪಕ್ಕದಲ್ಲಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನ 1755ರ ಭೂಕಂಪದ ಚೀಟಿಯನ್ನು ಇಡುತ್ತಿದ್ದೆ. ಸಕಲ ಸಂತರ ಹಬ್ಬದ ಆ ಬೆಳಿಗ್ಗೆ ಜನ ಚರ್ಚುಗಳಲ್ಲಿ ತುಂಬಿದ್ದಾಗಲೇ ನೆಲ ನಡುಗಿ, ಹಿಂದೆಯೇ ಸಮುದ್ರ ಉಕ್ಕಿ ಬಂದು, ದಿನಗಟ್ಟಲೆ ಊರು ಹೊತ್ತಿ ಉರಿಯಿತು; ಆ ದಿನವನ್ನು ಯಾರೂ ಗೊತ್ತುಮಾಡಿರಲಿಲ್ಲ. ಪೋರ್ಚುಗಲ್ 1582ರಲ್ಲೇ ನಾವು ಈಗ ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಗಿದ್ದರಿಂದ ಈ ತಾರೀಖಿಗೆ ತಿದ್ದುಪಡಿ ಬೇಕಿರಲಿಲ್ಲ. ಹಳೆಯ ಪಂಚಾಂಗದಲ್ಲಿದ್ದ ಇಂಗ್ಲೆಂಡಿನ 1752ಕ್ಕೆ ಮುಂಚಿನ ತಾರೀಖುಗಳಿಗೆ, ರಷ್ಯಾದ 1917ರ ‘ಅಕ್ಟೋಬರ್’ ಕ್ರಾಂತಿಗೆ ಮಾತ್ರ ಚೀಟಿಯ ಮೂಲೆಯಲ್ಲಿ ಕೆಂಪು ಗುರುತು ಹಾಕಿಟ್ಟಿದ್ದೆ.

ಗಡಿಯಾರದ ಪೇಚಿಗೆ ಸಿಕ್ಕಿದ್ದು ಒಂದೇ ಚೀಟಿ. ಅಮೆರಿಕವು ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಮೊದಲ ಪೂರ್ಣ ಪ್ರಮಾಣದ ಹೈಡ್ರೋಜನ್ ಸ್ಫೋಟವನ್ನು ನಡೆಸಿದಾಗ ಅಲ್ಲಿ 1952ರ ನವೆಂಬರ್ 1ರ ಬೆಳಿಗ್ಗೆ 7 ಗಂಟೆ 15 ನಿಮಿಷ, ಗ್ರೀನಿಚ್‌ನಲ್ಲಿ ಇನ್ನೂ ಅಕ್ಟೋಬರ್ 31ರ ಸಂಜೆ. ಒಂದು ನಡುಗಡ್ಡೆಯೇ ಇಲ್ಲವಾಗಿ ಹೋದ ಆ ಘಟನೆಯನ್ನು ಯಾವ ದಿನಕ್ಕೆ ಬರೆಯುವುದು? ಘಟನೆ ನಡೆದ ನೆಲದ ತಾರೀಖನ್ನೇ ಹಿಡಿಯಬೇಕೆಂದು ನಿರ್ಧರಿಸಿ, ಕೊನೆಯವರೆಗೂ ಅದನ್ನೇ ಪಾಲಿಸಿದೆ.

ಅಕ್ಟೋಬರ್ 1ರಂದು ಮರುದಿನದ ಗಾಂಧಿ ಜಯಂತಿಯ ತಯಾರಿಯಲ್ಲಿ ಹಲಗೆಯನ್ನು ಖಾಲಿ ಬಿಡುವುದು ನಮ್ಮ ಶಾಲೆಯ ವಾಡಿಕೆಯಾಗಿತ್ತು. ಆ ಹಿರಿಯರು ಬಂದು ಹೋದ ಮರುವರ್ಷದಿಂದ ಅಂದು ಒಂದೇ ಸಾಲು ಬರೆಯತೊಡಗಿದೆ: ‘1953: ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.’ ಹಾಗಾದರೆ ನಮಗೆ ಎರಡು ಸಲ ಸಿಹಿ ಕೊಡಬೇಕಲ್ಲವೇ ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ.